ಗರ್ಭಕೋಶ, ಯೋನಿಗೋಡೆ ಜಾರಿದಾಗ ಮಲವಿಸರ್ಜನೆಯ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ತೊಂದರೆಯ ಬಗ್ಗೆ ಯಾರೂ ನೇರವಾಗಿ ಮಾತು ತೆಗೆಯುವುದಿಲ್ಲ. ಮೊದಲು ಸೊಂಟನೋವಿನ ವಿಷಯ ಬರುತ್ತದೆ, ಆಮೇಲೆ ಗರ್ಭಕೋಶದ್ದು. ಎದ್ದು ಹೊರಡುವ ಹೊತ್ತಿಗೆ ದನಿ ತಗ್ಗಿಸಿ "ಇನ್ನೊಂದು ಕೇಳಬೇಕಿತ್ತು" ಎನ್ನುತ್ತಾರೆ. ಪತ್ರಗಳಲ್ಲೂ ಹಾಗೆಯೇ, ಸಹಿಯ ಕೆಳಗೆ ಒಂದು ಸಾಲು. ಇಲ್ಲಿರುವವು ಆ ಕೊನೆಯ ಸಾಲಿನ ಪ್ರಶ್ನೆಗಳು.

ನನಗೂ ಯೋನಿಯ ಹಿಂಭಾಗದ ಗೋಡೆ ಜಾರಿ ಹಲವು ವರ್ಷಗಳಾದವು. ನಾನು ವೈದ್ಯೆಯಲ್ಲ. ಓದಿ ತಿಳಿದದ್ದು, ವೈದ್ಯರಿಂದ ಮತ್ತು ಫಿಸಿಯೋಥೆರಪಿಸ್ಟ್ ಅವರಿಂದ ಕಲಿತದ್ದು, ನನ್ನ ಮೈಯೇ ಕಲಿಸಿದ್ದು, ಎಲ್ಲವನ್ನೂ ಸೇರಿಸಿ ಉತ್ತರ ಬರೆದಿದ್ದೇನೆ. ನಿಮ್ಮನ್ನು ಪರೀಕ್ಷಿಸಿದ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತನ್ನೇ ಕೇಳಿ.

## ಮೊದಲ ಗೊಂದಲಗಳು

ಜಾರಿರುವುದು ಗರ್ಭಕೋಶ ಎನ್ನುತ್ತಾರೆ. ಹಾಗಿದ್ದರೆ ಮಲವಿಸರ್ಜನೆಗೆ ಯಾಕೆ ಕಷ್ಟ?

ಶ್ರೋಣಿಯೊಳಗೆ, ಅಂದರೆ ಸೊಂಟದ ಎಲುಬುಗಳ ನಡುವಿನ ಜಾಗದಲ್ಲಿ, ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ ಮತ್ತು ಯೋನಿ, ಹಿಂದೆ ಗುದನಾಳ ಇವೆ. ಮೂರನ್ನೂ ಕೆಳಗಿನಿಂದ ಹೊತ್ತಿರುವುದು ಒಂದೇ ಸ್ನಾಯುಗಳ ಹಾಸು. ಅದಕ್ಕೆ ಶ್ರೋಣಿತಳ ಎನ್ನುತ್ತಾರೆ. ಹಾಸು ಸಡಿಲವಾದಾಗ ಅಥವಾ ಅಂಗಗಳ ನಡುವಿನ ಪೊರೆ ಹರಿದಾಗ ಒಂದೇ ಅಂಗ ಜಾರುವುದು ಅಪರೂಪ. ವೈದ್ಯರು ಎದ್ದು ಕಂಡದ್ದರ ಹೆಸರು ಹೇಳಿರುತ್ತಾರೆ, ಅಷ್ಟೆ.

ಮಲಕ್ಕೆ ನೇರವಾಗಿ ಅಡ್ಡಿಯಾಗುವುದು ಹಿಂಭಾಗದ ಗೋಡೆಯ ಜಾರುವಿಕೆ. ಗುದನಾಳಕ್ಕೂ ಯೋನಿಗೂ ನಡುವಿನ ಗೋಡೆ ತೆಳುವಾಗಿ, ಗುದನಾಳದ ಮುಂಭಾಗ ಯೋನಿಯ ಕಡೆಗೆ ಚೀಲದಂತೆ ಉಬ್ಬುತ್ತದೆ. ಇದಕ್ಕೆ ರೆಕ್ಟೋಸೀಲ್ ಎಂದು ಹೆಸರು. ಕಾಲುವೆಯ ಒಂದು ದಂಡೆ ಸಡಿಲವಾದರೆ ನೀರು ಮುಂದೆ ಹರಿಯದೆ ಅತ್ತಲೇ ನುಗ್ಗುತ್ತದೆ. ಇಲ್ಲಿಯೂ ಹಾಗೆ. ನೀವು ಹಾಕುವ ಬಲ ಗುದದ್ವಾರದ ಕಡೆಗೆ ಹೋಗದೆ ಮುಂದಿನ ಚೀಲಕ್ಕೆ ಹೋಗುತ್ತದೆ. ಹೆಚ್ಚು ತಿಣುಕಿದಷ್ಟೂ ಚೀಲ ಹೆಚ್ಚು ಉಬ್ಬುತ್ತದೆ, ಮಲ ಅಲ್ಲೇ ಕೂರುತ್ತದೆ. ಈ ಒಂದು ಸಂಗತಿ ಅರ್ಥವಾದರೆ ಕೆಳಗಿನ ಬಹುಪಾಲು ಉತ್ತರಗಳು ತಾವಾಗಿಯೇ ಅರ್ಥವಾಗುತ್ತವೆ.

ಕೆಲವರಲ್ಲಿ ಯೋನಿಯ ಮೇಲ್ಭಾಗದಿಂದ ಸಣ್ಣ ಕರುಳೇ ಕೆಳಗಿಳಿದು ಗುದನಾಳವನ್ನು ಒತ್ತುತ್ತದೆ. ಇದು ಎಂಟರೋಸೀಲ್. ಗರ್ಭಕೋಶ ತೆಗೆಸಿಕೊಂಡವರಲ್ಲಿಯೂ ಇದು ಆಗಬಹುದು.

ಹೋಗಿ ಬಂದರೂ ಒಳಗೆ ಇನ್ನೂ ಉಳಿದಿದೆ ಅನ್ನಿಸುತ್ತದೆ. ದಿನಾ ಹೋಗುತ್ತೇನೆ, ಆದರೂ ಇದನ್ನು ಮಲಬದ್ಧತೆ ಎನ್ನಬಹುದೇ?

ಎನ್ನಬಹುದು. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಹೋಗುವುದೆಲ್ಲ ಸಹಜ ಎಂದೇ ವೈದ್ಯರು ಎಣಿಸುತ್ತಾರೆ. ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಾಗುವುದಿಲ್ಲ. ಪೂರ್ತಿ ಖಾಲಿಯಾಗದಿರುವುದು, ಬಾಗಿಲ ಬಳಿ ಬಂದು ನಿಂತಂತಾಗುವುದು, ಅರ್ಧ ಗಂಟೆಯಲ್ಲಿ ಮತ್ತೆ ಓಡಬೇಕಾಗುವುದು, ಇವು ಮಲ ಹೊರಬರುವ ದಾರಿಯಲ್ಲಿರುವ ಅಡ್ಡಿಯ ಲಕ್ಷಣಗಳು. ಕರುಳಿನ ಚಲನೆಯೇ ನಿಧಾನವಾಗಿರುವುದು ಇನ್ನೊಂದು ಬಗೆ. ಎರಡೂ ಒಟ್ಟಿಗೆ ಇರಬಹುದು. ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ನಿಮ್ಮದು ಯಾವುದು ಎಂಬುದು ಮುಖ್ಯವಾಗುತ್ತದೆ.

ಕೈಗೆ ಉಬ್ಬು ಸಿಗುತ್ತದೆ. ಮೂಲವ್ಯಾಧಿಯೋ ಜಾರಿರುವುದೋ ಗೊತ್ತಾಗುತ್ತಿಲ್ಲ.

ಉಬ್ಬು ಯಾವ ಬಾಗಿಲಿನಿಂದ ಬರುತ್ತಿದೆ ಎಂದು ಕನ್ನಡಿ ಹಿಡಿದು ನೋಡಿ. ಯೋನಿಯ ಬಾಯಿಯಿಂದ ಬಂದರೆ ಯೋನಿಗೋಡೆ ಅಥವಾ ಗರ್ಭಕೋಶ. ಗುದದ್ವಾರದಿಂದ ಬಂದರೆ ಮೂಲವ್ಯಾಧಿ ಇರಬಹುದು, ಇಲ್ಲವೇ ಗುದನಾಳವೇ ಹೊರಗೆ ಜಾರುತ್ತಿರಬಹುದು. ಗುದನಾಳ ಜಾರಿದಾಗ ಸಾಮಾನ್ಯವಾಗಿ ಸುತ್ತಲೂ ಬಳೆಯಂತೆ ಮಡಿಕೆ ಕಾಣುತ್ತದೆ. ಮೂಲವ್ಯಾಧಿಯಾದರೆ ಬಿಡಿ ಬಿಡಿ ಗಂಟುಗಳು ಕಾಣುತ್ತವೆ. ಇದು ಮನೆಯಲ್ಲಿ ಮಾಡಬಹುದಾದ ಅಂದಾಜು ಮಾತ್ರ. ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡವರನ್ನು ನೋಡಿದ್ದೇನೆ. ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಎರಡನೇ ಹಂತ ಎಂದು ಬರೆದಿದ್ದಾರೆ, ಆದರೆ ನನ್ನ ಪಾಡು ನೋಡಿದರೆ ನಾಲ್ಕನೆಯದಿರಬೇಕು ಅನ್ನಿಸುತ್ತದೆ. ತಪ್ಪಾಗಿ ಬರೆದರೇ?

ತಪ್ಪಿರಲಿಕ್ಕಿಲ್ಲ. 1996ರಿಂದ ಬಳಕೆಯಲ್ಲಿರುವ ಅಳತೆಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಹಂತಗಳಿವೆ. ಅವು ಹೇಳುವುದು ಉಬ್ಬು ಯೋನಿಯ ಬಾಯಿಗೆ ಎಷ್ಟು ಹತ್ತಿರ ಬಂದಿದೆ ಎಂಬುದನ್ನು. ಎರಡನೇ ಹಂತ ಎಂದರೆ ಬಾಯಿಯಿಂದ ಒಂದು ಸೆಂಟಿಮೀಟರ್ ಒಳಗೋ ಹೊರಗೋ. ನಿಮ್ಮ ಕಷ್ಟ ಎಷ್ಟು ಎಂಬುದನ್ನು ಅದು ಅಳೆಯುವುದೇ ಇಲ್ಲ. ದೊಡ್ಡ ಉಬ್ಬಿದ್ದೂ ಸಲೀಸಾಗಿ ಶೌಚ ಮುಗಿಸುವವರಿದ್ದಾರೆ, ಸಣ್ಣ ಉಬ್ಬಿದ್ದೂ ಬೆಳಗೆಲ್ಲ ಶೌಚಾಲಯದಲ್ಲೇ ಕಳೆಯುವವರಿದ್ದಾರೆ. ವೈದ್ಯರಿಗೆ ಹಂತದ ಜೊತೆಗೆ ದಿನಚರಿಯನ್ನೂ ಹೇಳಿ.

ನಾನೇ ತಿಣುಕಿ ತಿಣುಕಿ ಇದನ್ನು ತಂದುಕೊಂಡೆನಲ್ಲಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೆರಿಗೆಯಲ್ಲಿ, ಅದರಲ್ಲೂ ಇಕ್ಕಳ ಹಾಕಿದ ಹೆರಿಗೆಯಲ್ಲಿ, ಸ್ನಾಯು ಹರಿದಿರಬಹುದು. ವಯಸ್ಸು, ಮುಟ್ಟು ನಿಂತ ಮೇಲಿನ ಬದಲಾವಣೆ, ಹುಟ್ಟಿನಿಂದಲೇ ಬಂದ ಅಂಗಾಂಶದ ಗುಣ, ಬಹುಕಾಲದ ಕೆಮ್ಮು, ದೇಹದ ತೂಕ, ಹೊತ್ತ ಭಾರ, ಎಲ್ಲವೂ ಸೇರುತ್ತವೆ. ವರ್ಷಗಟ್ಟಲೆ ತಿಣುಕುವುದೂ ಒಂದು ಕಾರಣ, ನಿಜ. ಆದರೆ ಎಷ್ಟೋ ಸಲ ಗೋಡೆ ಮೊದಲು ಸಡಿಲವಾಗಿ, ಅದರಿಂದಲೇ ತಿಣುಕುವುದು ಶುರುವಾಗಿರುತ್ತದೆ. ಯಾವುದು ಮೊದಲು ಎಂದು ಬಿಡಿಸಲು ಸಾಧ್ಯವಿಲ್ಲ, ಬಿಡಿಸಿ ಆಗಬೇಕಾದದ್ದೂ ಇಲ್ಲ. ಇಂದಿನಿಂದ ತಿಣುಕುವುದನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದೆ.

ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಹೊಟ್ಟೆ ಊದಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಅಂದೇ ಹೋಗಿ. ಮೂತ್ರ ಕಟ್ಟಿಕೊಂಡರೆ, ಹೊರಬಂದ ಭಾಗ ಒಳಗೆ ಹೋಗದೆ ಕಪ್ಪಗಾಗಿ ನೋಯುತ್ತಿದ್ದರೆ, ತೊಡೆಸಂದಿ ಮರಗಟ್ಟಿ ಮಲಮೂತ್ರದ ಹಿಡಿತ ಇದ್ದಕ್ಕಿದ್ದಂತೆ ತಪ್ಪಿದರೂ ಅಂದೇ.

ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಕೆಲವು ವಾರಗಳಿಂದ ಶೌಚದ ರೀತಿಯೇ ಬದಲಾಗಿರುವುದು, ಇವನ್ನು "ಜಾರಿದೆಯಲ್ಲ, ಅದಕ್ಕೇ ಇರಬೇಕು" ಎಂದು ತಳ್ಳಿಹಾಕಬೇಡಿ. ಕರುಳಿನ ಕ್ಯಾನ್ಸರ್ ಅಲ್ಲ ಎಂದು ಮೊದಲು ಖಚಿತವಾಗಬೇಕು. ಜಾರುವಿಕೆ ಇರುವವರಿಗೂ ಬೇರೆ ಕಾಯಿಲೆ ಬರುತ್ತದೆ.

## ಶೌಚಾಲಯದಲ್ಲಿ

ಹೇಗೆ ಕುಳಿತರೆ ಸುಲಭ?

ಗುದನಾಳದ ಹಿಂದಿನಿಂದ ಸುತ್ತಿಕೊಂಡು ಅದನ್ನು ಮುಂದಕ್ಕೆ ಎಳೆದು ಹಿಡಿಯುವ ಜೋಲಿಯಂಥ ಸ್ನಾಯು ಒಂದಿದೆ. ಅದು ಎಳೆದಾಗ ದಾರಿ ಬಾಗಿರುತ್ತದೆ, ಬಾಗಿರುವುದರಿಂದಲೇ ನಾವು ತಡೆದುಕೊಳ್ಳಬಲ್ಲೆವು. ಮಂಡಿಗಳು ಸೊಂಟಕ್ಕಿಂತ ಮೇಲೆ ಬಂದಾಗ ಆ ಬಾಗು ನೇರವಾಗುತ್ತದೆ. ಕಮೋಡ್ ಬಳಸುವವರು ಪಾದಗಳ ಕೆಳಗೆ ಸುಮಾರು 20 ಸೆಂಟಿಮೀಟರ್ ಎತ್ತರದ ಮಣೆ ಇಟ್ಟುಕೊಳ್ಳಿ. ಮಂಡಿಗಳನ್ನು ಅಗಲಿಸಿ, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ. ಬೆನ್ನು ಗೂನಾಗದಿರಲಿ. ಅಂಗಾಲು ಪೂರ್ತಿ ಊರಿರಬೇಕು. ತುದಿಗಾಲಲ್ಲಿದ್ದರೆ ಕೆಳಗಿನ ಸ್ನಾಯುಗಳು ಬಿಗಿಯುತ್ತವೆ.

ಕುಕ್ಕರುಗಾಲಿನಲ್ಲಿ ಕೂರುವ ಅಭ್ಯಾಸವಿರುವವರಿಗೆ ಈ ಕೋನ ತಾನಾಗಿಯೇ ಸಿಗುತ್ತದೆ. ಆದರೆ ಹಾಗೆ ಬಹಳ ಹೊತ್ತು ಕುಳಿತರೆ ಉಬ್ಬು ಕೆಳಗೆ ಜಗ್ಗಿದಂತಾಗಿ ಭಾರ ಅನ್ನಿಸಬಹುದು. ಹಾಗಾದರೆ ಮಣೆ ಇಟ್ಟ ಕಮೋಡ್ ಮೇಲು. ಕೂರದೆ, ಆಸನಕ್ಕೆ ಮೈ ತಾಗಿಸದೆ ಅರ್ಧ ನಿಂತು ಮುಗಿಸುವ ಅಭ್ಯಾಸ ಇದ್ದರೆ ಬಿಡಿ. ಆ ಭಂಗಿಯಲ್ಲಿ ಶ್ರೋಣಿತಳ ಸಡಿಲವಾಗುವುದೇ ಇಲ್ಲ.

ತಿಣುಕಬೇಡಿ ಎನ್ನುತ್ತಾರೆ. ತಿಣುಕದೆ ಬರುವುದಾದರೂ ಹೇಗೆ?

ನನಗೆ ಇದನ್ನು ಕಲಿಯಲು ತಿಂಗಳುಗಳೇ ಹಿಡಿದವು. ಉಸಿರು ಕಟ್ಟಿ, ಹಲ್ಲು ಕಚ್ಚಿ, ಮುಖ ಕೆಂಪಾಗುವಂತೆ ಮುಕ್ಕುವುದೇ ನಮಗೆ ಗೊತ್ತಿರುವ ರೀತಿ. ಉಸಿರು ಕಟ್ಟಿದ ಕೂಡಲೇ ಹೊಟ್ಟೆಯೊಳಗಿನ ಒತ್ತಡವೆಲ್ಲ ಸಡಿಲವಾದ ಗೋಡೆಯ ಮೇಲೆ ಬೀಳುತ್ತದೆ. ಗುದದ್ವಾರ ಮಾತ್ರ ಬಿಗಿದೇ ಇರುತ್ತದೆ.

ಬದಲಿಗೆ ಹೀಗೆ ಮಾಡಿ. ದವಡೆ ಸಡಿಲ ಬಿಡಿ. ಮೂಗಿನಿಂದ ಉಸಿರೆಳೆದು ಹೊಟ್ಟೆ ಮುಂದಕ್ಕೆ ಉಬ್ಬಲಿ. ಒಂದು ಕೈಯನ್ನು ಪಕ್ಕೆಯ ಕೆಳಗಿಟ್ಟರೆ ಸೊಂಟ ಅಗಲವಾಗುವುದು ಕೈಗೆ ತಿಳಿಯುತ್ತದೆ. ಆ ಅಗಲವನ್ನು ಹಾಗೆಯೇ ಇಟ್ಟುಕೊಂಡು, ಬಾಯಿ ತೆರೆದು "ಹಾ" ಎಂದು ನಿಧಾನವಾಗಿ ಉಸಿರು ಬಿಡುತ್ತಾ ಗುದದ್ವಾರ ತೆರೆದುಕೊಳ್ಳಲಿ ಎಂದು ಬಿಡಿ. "ಮ್" ಎಂದು ತುಟಿ ಮುಚ್ಚಿ ನೋಡಿ, ಆಮೇಲೆ "ಹಾ" ಎಂದು ನೋಡಿ. ಕೆಳಗೆ ಆಗುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಸಮಯವೂ ಮುಖ್ಯ. ಊಟವಾದ ಮೇಲೆ, ಮುಖ್ಯವಾಗಿ ದಿನದ ಮೊದಲ ಆಹಾರದ ನಂತರದ ಅರ್ಧ ಗಂಟೆಯಲ್ಲಿ, ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ಆಗ ಬರುವ ಒತ್ತಡವನ್ನು ಕೆಲಸದ ನೆಪದಲ್ಲಿ ತಡೆಯಬೇಡಿ. ಅದು ಕರುಳೇ ಹಾಕುವ ಬಲ, ನೀವು ಹಾಕಬೇಕಾದದ್ದು ಅಷ್ಟು ಕಡಿಮೆಯಾಗುತ್ತದೆ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ. ಮೊಬೈಲ್ ಹೊರಗಿರಲಿ. ಒಮ್ಮೆ ಆದ ಮೇಲೆ ಎದ್ದು ನಿಂತು, ಸೊಂಟವನ್ನು ಅತ್ತಿತ್ತ ತಿರುಗಿಸಿ, ನಾಲ್ಕು ಹೆಜ್ಜೆ ನಡೆದು ಮತ್ತೆ ಕುಳಿತರೆ ಚೀಲದಲ್ಲಿ ಉಳಿದದ್ದು ಇಳಿಯುವುದುಂಟು.

ಬೆರಳಿನಿಂದ ಒತ್ತಿದರೆ ಮಾತ್ರ ಆಗುತ್ತದೆ. ಅಕ್ಕ, ಇದು ತಪ್ಪೇ? ಯಾರಿಗೂ ಹೇಳಿಲ್ಲ.

ತಪ್ಪಲ್ಲ. ಜಾರಿದ ಗೋಡೆಗೆ ಹೊರಗಿನಿಂದ ಆಸರೆ ಕೊಡುವ ಉಪಾಯ ಇದು, ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೆಸರೇ ಇದೆ: ಸ್ಪ್ಲಿಂಟಿಂಗ್. ಮುರಿದ ಕೈಗೆ ಪಟ್ಟಿ ಕಟ್ಟಿದಂತೆ. ನಾನೂ ಬಹಳ ಕಾಲ ಯಾರಿಗೂ ಹೇಳದೆ ಮಾಡುತ್ತಿದ್ದೆ. ಕೊನೆಗೆ ಫಿಸಿಯೋಥೆರಪಿಸ್ಟ್ ಎದುರು ಹೇಗೋ ಬಾಯಿಬಿಟ್ಟಾಗ ಅವರು ಕಾಗದದಿಂದ ತಲೆ ಎತ್ತದೆ "ಹೆಬ್ಬೆರಳೋ ತೋರುಬೆರಳೋ?" ಎಂದು ಕೇಳಿ ಬರೆದುಕೊಂಡರು. ಅವರಿಗೆ ಅದು ದಿನಾ ಕೇಳುವ ಮಾತು. ನನಗೆ ಆ ಕ್ಷಣ ವರ್ಷಗಳ ಭಾರ ಇಳಿದಂತಾಯಿತು.

ಸರಿಯಾದ ಕ್ರಮ ಹೀಗಿದೆ. ಉಗುರು ಕತ್ತರಿಸಿರಲಿ, ಕೈ ತೊಳೆದಿರಲಿ. ಬೇಕಿದ್ದರೆ ತೆಳು ಕೈಗವಸು ಹಾಕಿ. ಒಣಗಿದಂತಿದ್ದರೆ ನೀರಿನಂಶದ ಜೆಲ್ ಸ್ವಲ್ಪ ಸವರಿ. ಹೆಬ್ಬೆರಳನ್ನು ಯೋನಿಯೊಳಗೆ ಇಡುವುದು ಹಲವರಿಗೆ ಅನುಕೂಲ, ಏಕೆಂದರೆ ಅದರ ಮೆತ್ತನೆಯ ಭಾಗ ತಾನಾಗಿಯೇ ಹಿಂದಿನ ಗೋಡೆಯ ಕಡೆ ಮುಖ ಮಾಡಿರುತ್ತದೆ. ಉಬ್ಬು ಬೆರಳಿಗೆ ಸಿಕ್ಕ ಮೇಲೆ ಬೆನ್ನುಮೂಳೆಯ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಅದೇ ಹೊತ್ತಿಗೆ "ಹಾ" ಎಂದು ಉಸಿರು ಬಿಡಿ. ಬೆರಳು ಗೋಡೆಯನ್ನು ಹಿಡಿದು ನಿಲ್ಲಿಸಬೇಕು ಅಷ್ಟೆ, ಮಲವನ್ನು ತಳ್ಳುವ ಕೆಲಸ ಕರುಳಿನದು. ಚೀಲದೊಳಗೆ ಗಟ್ಟಿಯಾದದ್ದೇನೋ ಬೆರಳಿಗೆ ತಾಗಿ, ಮೆಲ್ಲಗೆ ಹಿಂದಕ್ಕೆ ಸರಿದು ಹೋಗುವುದು ಸ್ಪಷ್ಟವಾಗಿ ತಿಳಿಯುತ್ತದೆ.

ಒಳಗೆ ಬೆರಳಿಡಲು ಮನಸ್ಸಾಗದಿದ್ದರೆ ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗವನ್ನು ಎರಡು ಬೆರಳುಗಳಿಂದ ಮೇಲಕ್ಕೆ ಒತ್ತಿ ಹಿಡಿಯಿರಿ. ಕೆಲವರಿಗೆ ಗುದದ್ವಾರದ ಪಕ್ಕದಲ್ಲಿ, ಪೃಷ್ಠದ ಒಳಬದಿಯಲ್ಲಿ ಒತ್ತಿದರೆ ಆಗುತ್ತದೆ. ಆಮೇಲೆ ಮುಂದಿನಿಂದ ಹಿಂದಕ್ಕೆ ಶುಚಿ ಮಾಡಿಕೊಳ್ಳಿ, ಸೋಪಿನಿಂದ ಕೈ ತೊಳೆಯಿರಿ.

ಗುದದ್ವಾರದೊಳಗೆ ಬೆರಳು ಹಾಕಿ ಮಲ ತೆಗೆಯುವುದು ಬೇರೆ ವಿಷಯ. ಅಲ್ಲಿನ ಪೊರೆಗೆ ಗಾಯವಾಗಬಹುದು. ಪದೇ ಪದೇ ಹಾಗೆ ಮಾಡಬೇಕಾಗುತ್ತಿದ್ದರೆ ಮಲವೇ ಗಟ್ಟಿಯಾಗಿದೆ ಅಥವಾ ಸ್ನಾಯು ಸಡಿಲವಾಗುತ್ತಿಲ್ಲ ಎಂದರ್ಥ. ವೈದ್ಯರಿಗೆ ತಿಳಿಸಿ.

ಎಲ್ಲ ಮುಗಿಸಿ ಬಂದ ಮೇಲೆ ಒಳ ಉಡುಪಿಗೆ ಅಂಟಿರುತ್ತದೆ. ಹಿಡಿತವೇ ಹೋಯಿತೇ?

ಹೆಚ್ಚಾಗಿ ಚೀಲದಲ್ಲಿ ಉಳಿದದ್ದು, ಎದ್ದು ಓಡಾಡುವಾಗ ಕೆಳಗಿಳಿದು ಸೋರುತ್ತದೆ. ಪೂರ್ತಿ ಖಾಲಿಯಾದರೆ ಇದು ಬಹುಪಾಲು ನಿಲ್ಲುತ್ತದೆ. ಆದ್ದರಿಂದ ಮೊದಲ ಮದ್ದು ಮೇಲೆ ಹೇಳಿದ ಆಸರೆ ಮತ್ತು ಎರಡನೇ ಸಲ ಕೂರುವುದು. ಆದರೂ ನಿಲ್ಲದಿದ್ದರೆ, ವಾಯು ತಡೆಯಲೂ ಆಗದಿದ್ದರೆ, ಹೆರಿಗೆಯಲ್ಲಿ ಗುದದ್ವಾರದ ಸ್ನಾಯುವಿಗೆ ಪೆಟ್ಟಾಗಿರಬಹುದು. ಒಳಗಿನ ಅಲ್ಟ್ರಾಸೌಂಡ್‌ನಲ್ಲಿ ಅದು ಕಾಣುತ್ತದೆ. ಚರ್ಮ ಉರಿಯುತ್ತಿದ್ದರೆ ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಜಿಂಕ್ ಇರುವ ಮುಲಾಮು ತೆಳುವಾಗಿ ಹಚ್ಚಿ.

## ಆಹಾರ, ಔಷಧ

ನಾರಿನಂಶ ಹೆಚ್ಚು ತಿನ್ನಿ ಎಂದರು. ತಿಂದ ಮೇಲೆ ಇನ್ನೂ ಕಷ್ಟವಾಯಿತು. ಯಾಕೆ?

ಎರಡು ಕಾರಣಗಳಿರಬಹುದು. ಒಂದೇ ವಾರದಲ್ಲಿ ಪ್ರಮಾಣ ಏರಿಸಿ, ನೀರು ಏರಿಸದೆ ಬಿಟ್ಟಿರಬಹುದು. ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಸಾಕು. ಅದನ್ನು ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಏರಿಸಬೇಕು. ಎರಡನೆಯದು, ನಿಮ್ಮ ಕರುಳಿನ ಚಲನೆಯೇ ನಿಧಾನವಿದ್ದರೆ ನಾರು ಹೊಟ್ಟೆ ಉಬ್ಬಿಸುತ್ತದೆಯೇ ಹೊರತು ಮಲವನ್ನು ಮುಂದೆ ಕಳಿಸುವುದಿಲ್ಲ.

ರೆಕ್ಟೋಸೀಲ್ ಇರುವವರಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಮಲ ಮೆದುವಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಅಂಟು ಅಂಟಾದ, ಗಂಜಿಯಂಥ ಮಲ ಚೀಲದಲ್ಲಿ ಮೆತ್ತಿಕೊಂಡು ಉಳಿಯುತ್ತದೆ. ಬೇಕಾದದ್ದು ಮೆದುವಾಗಿದ್ದೂ ಒಂದಾಗಿ ಹಿಡಿದುಕೊಂಡಿರುವ ಮಲ. ವೈದ್ಯರು ಬಳಸುವ ಬ್ರಿಸ್ಟಲ್ ಪಟ್ಟಿಯಲ್ಲಿ ಏಳು ಬಗೆಗಳಿವೆ. ಒಂದನೆಯದು ಹಿಕ್ಕೆಯಂಥ ಗಟ್ಟಿ ಉಂಡೆ, ಏಳನೆಯದು ಬರೀ ನೀರು. ನಾಲ್ಕನೆಯದು, ಅಂದರೆ ನುಣುಪಾದ ಉದ್ದನೆಯ ಮಲ, ನಮ್ಮ ಗುರಿ. ಇಸಬ್ಗೋಲ್ ಈ ಕೆಲಸಕ್ಕೆ ಒಳ್ಳೆಯದು. ಅದು ನೀರು ಹೀರಿ ಜೆಲ್ ಆಗಿ ಗಟ್ಟಿಯದನ್ನು ಮೆದು ಮಾಡುತ್ತದೆ, ಸಡಿಲವಾದದ್ದನ್ನು ಕೂಡಿಸುತ್ತದೆ. ದೊಡ್ಡ ಲೋಟದ ತುಂಬ ನೀರಿನೊಂದಿಗೆ ತೆಗೆದುಕೊಳ್ಳಿ, ಒಣಗಿದ್ದನ್ನು ನುಂಗಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ನುಂಗಲು ತೊಂದರೆ ಇರುವವರಿಗೆ ಇದು ಬೇಡ.

ಮಲ ಸಡಿಲಿಸುವ ಔಷಧ ಅಭ್ಯಾಸವಾಗಿಬಿಡುತ್ತದೆ ಎಂಬ ಭಯ. ದಿನಾ ತೆಗೆದುಕೊಳ್ಳಬಹುದೇ?

ಔಷಧದ ಭಯದಿಂದ ದಿನಾ ತಿಣುಕುವುದು ಹೆಚ್ಚು ಹಾನಿಕರ. ಲ್ಯಾಕ್ಟುಲೋಸ್, ಪಾಲಿಎಥಿಲೀನ್ ಗ್ಲೈಕಾಲ್ ಇವು ಕರುಳಿನಲ್ಲಿ ನೀರು ಉಳಿಸಿಕೊಂಡು ಮಲವನ್ನು ಮೆದುವಾಗಿಸುತ್ತವೆ. ವೈದ್ಯರು ಇವನ್ನು ತಿಂಗಳುಗಟ್ಟಲೆಯೂ ಕೊಡುತ್ತಾರೆ. ಕೆಲಸ ಮಾಡಲು ಒಂದರಿಂದ ಮೂರು ದಿನ ಬೇಕು, ಆದ್ದರಿಂದ ಇಂದು ತೆಗೆದುಕೊಂಡು ಸಂಜೆಗೆ ಆಗಲಿಲ್ಲವೆಂದು ದುಪ್ಪಟ್ಟು ಮಾಡಬೇಡಿ. ಲ್ಯಾಕ್ಟುಲೋಸ್‌ನಿಂದ ವಾಯು ಹೆಚ್ಚಾಗುತ್ತದೆ. ಬಿಸಾಕೊಡಿಲ್, ಸೆನ್ನಾ ಕರುಳನ್ನು ಚುರುಕಾಗಿಸುತ್ತವೆ, ಮಾತ್ರೆಯಾದರೆ ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ.

ಮಲ ಬಾಗಿಲ ಬಳಿ ಬಂದು ನಿಲ್ಲುವವರಿಗೆ ಬಾಯಿಯಿಂದ ತೆಗೆದುಕೊಳ್ಳುವ ಔಷಧಕ್ಕಿಂತ ಗ್ಲಿಸರಿನ್ ಬತ್ತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗುದದ್ವಾರದಲ್ಲಿಟ್ಟ ಅರ್ಧ ಗಂಟೆಯೊಳಗೆ ಕೆಲಸ ಮಾಡುತ್ತದೆ. ಹೊರಗೆ ಹೋಗುವ ದಿನ ಬೆಳಿಗ್ಗೆ ಇದನ್ನು ಬಳಸಿ ನಿಶ್ಚಿಂತೆಯಿಂದ ಹೊರಡುವವರಿದ್ದಾರೆ.

ಬೇರೆ ಕಾಯಿಲೆಗೆ ನುಂಗುವ ಮಾತ್ರೆಯೂ ಇದಕ್ಕೆ ಕಾರಣವಾಗಬಹುದೇ?

ಖಂಡಿತ. ಕಬ್ಬಿಣ, ಕ್ಯಾಲ್ಸಿಯಂ, ಕೋಡೀನ್ ಅಥವಾ ಟ್ರಮಡಾಲ್ ಇರುವ ನೋವಿನ ಮಾತ್ರೆಗಳು, ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಅಲ್ಯೂಮಿನಿಯಂ ಇರುವ ಆಮ್ಲಶಾಮಕಗಳು ಮಲ ಕಟ್ಟಿಸುತ್ತವೆ. ನಮ್ಮಂಥವರು ವಿಶೇಷವಾಗಿ ಗಮನಿಸಬೇಕಾದದ್ದು ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್ ಗುಂಪಿನ ಮಾತ್ರೆಗಳನ್ನು. ಮುಂದಿನ ಗೋಡೆಯ ತೊಂದರೆಗೆಂದು ಕೊಟ್ಟದ್ದು ಹಿಂದಿನ ಗೋಡೆಯ ತೊಂದರೆಯನ್ನು ಹೆಚ್ಚಿಸುತ್ತದೆ. ತಾವಾಗಿಯೇ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ.

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಗರ್ಭಕೋಶ ಹೊರಬಂದಿದೆ. ಮಲಬದ್ಧತೆ ಇದ್ದವರಿಗೆ ಈಗ ಇದ್ದಕ್ಕಿದ್ದಂತೆ ಭೇದಿ. ಭೇದಿ ನಿಲ್ಲಿಸುವ ಮಾತ್ರೆ ಕೊಡಲೇ?

ಕೊಡಬೇಡಿ, ಮೊದಲು ತೋರಿಸಿ. ಗುದನಾಳದಲ್ಲಿ ಗಟ್ಟಿ ಮಲ ಬಿರಡೆಯಂತೆ ಕುಳಿತಾಗ ಮೇಲಿನ ನೀರು ಮಲ ಅದರ ಪಕ್ಕದಿಂದ ಸೋರಿ ಭೇದಿಯಂತೆ ಕಾಣುತ್ತದೆ. ವಯಸ್ಸಾದವರಲ್ಲಿ ಇದು ಸಾಮಾನ್ಯ. ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಬಿರಡೆ ಇನ್ನೂ ಗಟ್ಟಿಯಾಗುತ್ತದೆ. ದಾದಿಯರೋ ವೈದ್ಯರೋ ಪರೀಕ್ಷಿಸಿ ಮಲ ತೆಗೆಸಿದರೆ "ಭೇದಿ" ತಾನಾಗಿ ನಿಲ್ಲುತ್ತದೆ.

## ಚಿಕಿತ್ಸೆಯ ಕಡೆಗೆ

ವೈದ್ಯರ ಎದುರು ಬಾಯಿಯೇ ಬರುವುದಿಲ್ಲ. ಹೇಗೆ ಹೇಳಲಿ?

ಬರೆದುಕೊಂಡು ಹೋಗಿ, ಕಾಗದ ಕೈಗೆ ಕೊಡಿ. ನಾನು ಹಾಗೆಯೇ ಮಾಡಿದ್ದು. ಎರಡು ವಾರದ ಲೆಕ್ಕ ಇರಲಿ: ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಮಲ ಯಾವ ಬಗೆಯದು, ಬೆರಳಿನ ಆಸರೆ ಬೇಕಾಯಿತೇ, ಸೋರಿತೇ. ಕೆಳಗೆ ಒಂದು ಸಾಲು ಹೀಗೆ ಬರೆಯಿರಿ: "ಯೋನಿಯ ಹಿಂದಿನ ಗೋಡೆಯನ್ನು ಒತ್ತಿದರೆ ಮಾತ್ರ ಮಲ ಬರುತ್ತದೆ." ಪರಿಣತರಿಗೆ ಈ ಒಂದು ಸಾಲು ಅರ್ಧ ರೋಗನಿರ್ಣಯ ಮಾಡಿಕೊಟ್ಟಂತೆ. ಸ್ತ್ರೀರೋಗ ತಜ್ಞರು "ಮಲದ ವಿಷಯ ನಮ್ಮದಲ್ಲ" ಎಂದರೆ ಗುದನಾಳದ ಶಸ್ತ್ರಚಿಕಿತ್ಸಕರ ಬಳಿ ಕಳಿಸಲು ಕೇಳಿ. ಇಬ್ಬರೂ ಕೂಡಿ ನೋಡಿದರೆ ಎಲ್ಲಕ್ಕಿಂತ ಒಳ್ಳೆಯದು.

ಕೆಗಲ್ ವ್ಯಾಯಾಮ ಮಾಡುತ್ತಿದ್ದೇನೆ. ಮಲ ಬರುವುದು ಇನ್ನೂ ಕಷ್ಟವಾಗಿದೆ. ನಿಲ್ಲಿಸಲೇ?

ಸದ್ಯಕ್ಕೆ ನಿಲ್ಲಿಸಿ, ಶ್ರೋಣಿತಳದ ಬಗ್ಗೆ ತರಬೇತಿ ಇರುವ ಫಿಸಿಯೋಥೆರಪಿಸ್ಟ್ ಅವರನ್ನು ಕಾಣಿ. ಶ್ರೋಣಿತಳವನ್ನು ಬಿಗಿಹಿಡಿಯುವ ಈ ವ್ಯಾಯಾಮ ಜಾರುವಿಕೆಯ ಭಾರ, ಉಬ್ಬಿನ ಅನುಭವವನ್ನು ಕಡಿಮೆ ಮಾಡುತ್ತದೆ, ನಿಜ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಆದರೆ ಕೆಲವರಲ್ಲಿ ತೊಂದರೆ ಇರುವುದು ಬಿಗಿಹಿಡಿಯುವುದರಲ್ಲಲ್ಲ, ಬಿಡುವುದರಲ್ಲಿ. ಮಲ ಬರುವಾಗ ಸಡಿಲವಾಗಬೇಕಾದ ಜೋಲಿ ಸ್ನಾಯು ಅವರಲ್ಲಿ ಬಿಗಿಯುತ್ತದೆ. ಅಂಥವರಿಗೆ ಮೊದಲು ಸಡಿಲಿಸುವುದನ್ನು ಕಲಿಸಬೇಕು. ಬಯೋಫೀಡ್‌ಬ್ಯಾಕ್ ಎಂಬ ಕ್ರಮದಲ್ಲಿ ನಿಮ್ಮ ಸ್ನಾಯು ಬಿಗಿದದ್ದು, ಬಿಟ್ಟದ್ದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. "ಬಿಟ್ಟೆ" ಎಂದು ನಾವು ಅಂದುಕೊಂಡ ಹೊತ್ತಿನಲ್ಲಿ ಗೆರೆ ಮೇಲೇರುವುದನ್ನು ಕಣ್ಣಾರೆ ನೋಡಿದರೆ ಕಲಿಯುವುದು ಬೇಗ.

ಪೆಸರಿ ಹಾಕಿಸಿಕೊಂಡರೆ ಮಲದ ತೊಂದರೆ ಹೋಗುತ್ತದೆಯೇ?

ಪೆಸರಿ ಎಂದರೆ ಯೋನಿಯೊಳಗೆ ಕೂರಿಸುವ ಸಿಲಿಕೋನ್ ಸಾಧನ. ಗರ್ಭಕೋಶ ಮತ್ತು ಮುಂದಿನ ಗೋಡೆಗೆ ಅದು ಚೆನ್ನಾಗಿ ಆಸರೆಯಾಗುತ್ತದೆ. ಹಿಂದಿನ ಗೋಡೆಗೆ ಬಳೆಯಾಕಾರದ್ದು ಅಷ್ಟಾಗಿ ಸಾಲದು, ಬೇರೆ ಆಕಾರ ಪ್ರಯತ್ನಿಸಬೇಕಾಗಬಹುದು. ಅಳತೆ ದೊಡ್ಡದಾದರೆ ಅದೇ ಗುದನಾಳವನ್ನು ಒತ್ತಿ ಕಷ್ಟ ಹೆಚ್ಚಿಸುವುದೂ ಉಂಟು. ಮುಕ್ಕುವಾಗ ಜಾರಿ ಬೀಳುತ್ತಿದ್ದರೆ ಬೆರಳಿನಿಂದ ತಡೆದುಕೊಳ್ಳಿ, ಇಲ್ಲವೇ ತೆಗೆದು ಹೋಗಿ ಬಂದು ಮತ್ತೆ ಹಾಕಿಕೊಳ್ಳುವುದನ್ನು ಕಲಿಯಿರಿ. ಮುಟ್ಟು ನಿಂತವರಿಗೆ ಪೆಸರಿ ಉಜ್ಜಿ ಹುಣ್ಣಾಗದಂತೆ ಈಸ್ಟ್ರೋಜನ್ ಕ್ರೀಮ್ ಕೊಡುತ್ತಾರೆ. ಆ ಕ್ರೀಮ್ ಜಾರಿದ್ದನ್ನು ಮೇಲೆತ್ತುವುದಿಲ್ಲ.

ಯಾವ ಯಾವ ಪರೀಕ್ಷೆ ಮಾಡುತ್ತಾರೆ? ನೋವಾಗುತ್ತದೆಯೇ?

ನೋವಿಗಿಂತ ಸಂಕೋಚವೇ ಹೆಚ್ಚು. ಬಲೂನ್ ಪರೀಕ್ಷೆಯಲ್ಲಿ ಗುದನಾಳದೊಳಗೆ ಪುಟ್ಟ ಬಲೂನಿಟ್ಟು ಸುಮಾರು 50 ಮಿಲಿಲೀಟರ್ ನೀರು ತುಂಬಿ ಹೊರಹಾಕಲು ಹೇಳುತ್ತಾರೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಆಗಬೇಕು. ಮ್ಯಾನೊಮೆಟ್ರಿ ಸ್ನಾಯುಗಳ ಒತ್ತಡ ಅಳೆಯುತ್ತದೆ. ಡಿಫೆಕೋಗ್ರಫಿಯಲ್ಲಿ ಗುದನಾಳಕ್ಕೆ ಲೇಹದಂಥ ವಸ್ತು ತುಂಬಿ, ಅದನ್ನು ವಿಸರ್ಜಿಸುವಾಗ ಎಕ್ಸ್‌ರೇ ಅಥವಾ ಎಂಆರ್‌ಐ ಚಿತ್ರ ತೆಗೆಯುತ್ತಾರೆ. ಚೀಲ ಎಷ್ಟು ದೊಡ್ಡದು, ಅದರಲ್ಲಿ ಏನಾದರೂ ಉಳಿಯಿತೇ, ಗುದನಾಳ ತನ್ನೊಳಗೇ ಮಡಚಿಕೊಳ್ಳುತ್ತಿದೆಯೇ, ಎಲ್ಲ ಅದರಲ್ಲಿ ಕಾಣುತ್ತದೆ. ಸಣ್ಣ ರೆಕ್ಟೋಸೀಲ್ ಯಾವ ತೊಂದರೆಯೂ ಇಲ್ಲದ ಹೆಂಗಸರಲ್ಲೂ ಕಾಣಿಸುತ್ತದೆ. ವರದಿಯಲ್ಲಿ ಆ ಪದ ಕಂಡ ಮಾತ್ರಕ್ಕೆ ಗಾಬರಿಯಾಗಬೇಡಿ.

ಶಸ್ತ್ರಚಿಕಿತ್ಸೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆಯೇ?

ಉಬ್ಬು ಹೋಗುವುದಕ್ಕೆ ಹೆಚ್ಚು ಭರವಸೆ ಇದೆ, ಮಲದ ತೊಂದರೆ ಹೋಗುವುದಕ್ಕೆ ಅಷ್ಟಿಲ್ಲ. ಬೆರಳಿನ ಆಸರೆಯಿಂದ ಖಾಲಿಯಾಗುತ್ತಿದ್ದರೆ ಅಡ್ಡಿ ಆ ಗೋಡೆಯಲ್ಲೇ ಇದೆ ಎನ್ನಲು ಕಾರಣವಿದೆ, ಗೋಡೆ ಸರಿಪಡಿಸಿದರೆ ಉಪಯೋಗವಾಗಬಹುದು. ಕರುಳು ನಿಧಾನವಿದ್ದರೆ ಅಥವಾ ಸ್ನಾಯು ಸಡಿಲವಾಗದಿದ್ದರೆ ಗೋಡೆ ಹೊಲಿದರೂ ಮಲಬದ್ಧತೆ ಉಳಿಯುತ್ತದೆ, ತಿಣುಕಿ ಹೊಲಿಗೆಯೂ ಸಡಿಲವಾಗುತ್ತದೆ. ಅದಕ್ಕೇ ಮೊದಲು ಪರೀಕ್ಷೆ, ವ್ಯಾಯಾಮ ಎಂದು ಪರಿಣತರು ಹಟ ಹಿಡಿಯುವುದು.

ಸಾಮಾನ್ಯವಾಗಿ ಯೋನಿಯ ಮೂಲಕ ಗೋಡೆಯನ್ನು ನಿಮ್ಮದೇ ಅಂಗಾಂಶದಿಂದ ಹೊಲಿಯುತ್ತಾರೆ. ಗುದದ್ವಾರದ ಮೂಲಕ ಮಾಡುವುದಕ್ಕಿಂತ ಇದರಲ್ಲಿ ಮರುಕಳಿಸುವಿಕೆ ಕಡಿಮೆ. ಹೊಲಿಗೆ ಬಿಗಿಯಾದರೆ ದಾಂಪತ್ಯ ಸಂಪರ್ಕದಲ್ಲಿ ನೋವು ಬರಬಹುದು. ನಿಮ್ಮ ಬದುಕಿನಲ್ಲಿ ಅದು ಮುಖ್ಯವೆಂದು ಮೊದಲೇ ಹೇಳಿ, ನಾಚಿಕೆ ಬೇಡ. ಇನ್ನೂ ಮಕ್ಕಳು ಬೇಕೆನ್ನುವವರಿಗೆ ಕಾಯಲು ಹೇಳುತ್ತಾರೆ. ಗುದನಾಳ ಒಳಗೇ ಮಡಚಿಕೊಳ್ಳುತ್ತಿದ್ದರೆ ಹೊಟ್ಟೆಯ ಮೂಲಕ ಅದನ್ನು ಮೇಲಕ್ಕೆತ್ತಿ ಕಟ್ಟುವ ಬೇರೆ ಶಸ್ತ್ರಚಿಕಿತ್ಸೆ ಇದೆ.

ಜಾಲರಿ ಹಾಕುತ್ತಾರಂತೆ. ಅದು ಅಪಾಯವೇ?

ಜಾಲರಿ ಎಂದರೆ ಜಾರಿದ ಭಾಗಕ್ಕೆ ಆಸರೆಯಾಗಿ ಒಳಗೆ ಕೂರಿಸುವ ಬಲೆಯಂಥ ಹಾಳೆ. ಯೋನಿಯ ಮೂಲಕ ಹಾಕುವ ಜಾಲರಿ ಗೋಡೆಯನ್ನು ಕೊರೆದು ಹೊರಬರುವುದು, ನೋವು ಮೊದಲಾದ ದೂರುಗಳು ಬಂದವು. ಜಾರುವಿಕೆಗೆ ಹಾಗೆ ಹಾಕುವ ಜಾಲರಿಯ ಮಾರಾಟವನ್ನು ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಲು ಹೇಳಿತು. ಹೊಟ್ಟೆಯ ಮೂಲಕ ಹಾಕುವ ಜಾಲರಿಯ ಲೆಕ್ಕ ಬೇರೆ, ಅದು ಈಗಲೂ ಬಳಕೆಯಲ್ಲಿದೆ, ಅದಕ್ಕೂ ಅದರದೇ ಅಪಾಯಗಳಿವೆ. ನಿಮಗೆ ಹಾಕುವುದು ಯಾವುದು, ಯಾವ ದಾರಿಯಿಂದ, ಜಾಲರಿ ಇಲ್ಲದೆ ಆಗುವುದಿಲ್ಲವೇ ಎಂದು ಕೇಳಿ, ಉತ್ತರ ಬರೆದುಕೊಳ್ಳಿ.

ಶಸ್ತ್ರಚಿಕಿತ್ಸೆಯಾಗಿ ಮೂರು ದಿನವಾಯಿತು. ಮೊದಲ ಸಲ ಹೋಗಲು ಹೆದರಿಕೆ. ಹೊಲಿಗೆ ಬಿಚ್ಚಿಕೊಂಡರೆ?

ಈ ಹೆದರಿಕೆ ಎಲ್ಲರಿಗೂ ಇರುತ್ತದೆ. ಮೆದುವಾದ ಮಲ ಹೊರಬರುವುದರಿಂದ ಹೊಲಿಗೆ ಬಿಚ್ಚುವುದಿಲ್ಲ. ಹೆದರಿ ತಡೆದಿಟ್ಟರೆ ಮಲ ಗಟ್ಟಿಯಾಗುತ್ತದೆ, ಆಗ ನಿಜವಾದ ಕಷ್ಟ. ಕೊಟ್ಟಿರುವ ಮಲ ಮೆದು ಮಾಡುವ ಔಷಧವನ್ನು ಬಿಡದೆ ತೆಗೆದುಕೊಳ್ಳಿ. ನೋವಿನ ಮಾತ್ರೆಯಲ್ಲಿ ಕೋಡೀನ್ ಇದೆಯೇ ಎಂದು ಕೇಳಿ. ಮಡಿಸಿದ ಶುಭ್ರ ಬಟ್ಟೆ ಅಥವಾ ಪ್ಯಾಡನ್ನು ಯೋನಿಗೂ ಗುದದ್ವಾರಕ್ಕೂ ನಡುವೆ ಹೊರಗಿನಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಹಿಡಿದು ಕುಳಿತರೆ ಧೈರ್ಯ ಬರುತ್ತದೆ. ವೈದ್ಯರು ಹೇಳುವವರೆಗೆ ಬೆರಳನ್ನು ಒಳಗೆ ಹಾಕಬೇಡಿ. ಆರು ವಾರ ಭಾರ ಎತ್ತಬೇಡಿ, ಕೆಮ್ಮಿದ್ದರೆ ಔಷಧ ತೆಗೆದುಕೊಳ್ಳಿ. ಐದಾರು ದಿನವಾದರೂ ಆಗದಿದ್ದರೆ, ಜ್ವರ ಅಥವಾ ದುರ್ನಾತದ ಸ್ರಾವ ಕಂಡರೆ, ರಕ್ತಸ್ರಾವ ಹೆಚ್ಚಾದರೆ ಶಸ್ತ್ರಚಿಕಿತ್ಸೆ ಮಾಡಿದವರಿಗೆ ಆ ದಿನವೇ ಫೋನ್ ಮಾಡಿ.

ಏನು ಮಾಡಿದರೂ ಖಾಲಿಯಾಗುವುದಿಲ್ಲ. ಶಸ್ತ್ರಚಿಕಿತ್ಸೆಯೂ ಆಯಿತು. ಇನ್ನೇನಾದರೂ ದಾರಿ ಇದೆಯೇ?

ಇದೆ. ಗುದದ್ವಾರದ ಮೂಲಕ ಬೆಚ್ಚಗಿನ ನೀರು ಬಿಟ್ಟು ಗುದನಾಳವನ್ನು ತೊಳೆಯುವ ಸಾಧನಗಳಿವೆ. ಕೈಯಲ್ಲಿ ಹಿಡಿದು ಅದುಮುವ ಸಣ್ಣ ಪಂಪ್ ಹಲವರಿಗೆ ಸಾಕಾಗುತ್ತದೆ, ಏಕೆಂದರೆ ತೊಳೆಯಬೇಕಾದದ್ದು ಚೀಲವನ್ನು ಮಾತ್ರ. ಮೊದಲ ಸಲ ತರಬೇತಿ ಪಡೆದ ದಾದಿಯೇ ಎದುರಿಗಿದ್ದು ಕಲಿಸಬೇಕು. ಅಪರೂಪಕ್ಕಾದರೂ ಕರುಳಿಗೆ ಗಾಯವಾಗುವ ಅಪಾಯ ಇದರಲ್ಲಿದೆ, ಇತ್ತೀಚೆಗೆ ಕರುಳಿನ ಶಸ್ತ್ರಚಿಕಿತ್ಸೆ ಆದವರಿಗೆ, ಕರುಳು ಊದಿಕೊಂಡಿರುವವರಿಗೆ ಇದು ಕೂಡದು. ಹೊಂದಿಕೆಯಾದವರು ಬೆಳಿಗ್ಗೆ ಒಮ್ಮೆ ತೊಳೆದುಕೊಂಡು, ಹೊರಗೆ ಕಾಲಿಟ್ಟಾಗ ಮೊದಲು ಶೌಚಾಲಯ ಎಲ್ಲಿದೆ ಎಂದು ಹುಡುಕುವುದನ್ನು ಬಿಟ್ಟಿದ್ದಾರೆ.